ಮೋರಿಗೆ ಹಾಸಿದ ವೀರಗಲ್ಲು

ಕಥೆ ಕಟ್ಟುವುದು ನನಗೆ ಬರುವುದಿಲ್ಲ. ಹೈಸ್ಕೂಲು ಓದಿ ರೈಲ್ವೆಗೆ ಸೇರಿದವನು ನಾನು; ಜೀವಮಾನವೆಲ್ಲ ಬರೆದದ್ದು ಹಳಿ, ಜಲ್ಲಿ, ಮೊಳೆಗಳ ವರದಿ. ಅದೇ ಕೈಯಿಂದ ಇದನ್ನೂ ಬರೆಯುತ್ತಿದ್ದೇನೆ, ನಡೆದದ್ದು ನಡೆದ ಹಾಗೆ. ನಂಬದವರ ಮೇಲೆ ನನಗೆ ಸಿಟ್ಟಿಲ್ಲ... ನಂಬದೆ ಇರಲು ನಾನೂ ಬಹಳ ವರ್ಷ ಪ್ರಯತ್ನಪಟ್ಟೆ.

ಮಹಾರಾಜರ ಕಾಲ. ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಅಲ್ಲಿಂದ ಚನ್ನಪಟ್ಟಣದ ಕಡೆಗೆ ಹೋಗುವ ಹಳಿಯಲ್ಲಿ ನಾಲ್ಕು ಮೈಲಿಗೆ ನಾನು ಗ್ಯಾಂಗ್ ಮೇಸ್ತ್ರಿ. ಹಳಿಯ ಮಗ್ಗುಲಲ್ಲೇ ಸರ್ಕಾರಿ ದನ ಮೇಯುವ ಕಾವಲು. ಕಾವಲಿನ ಅಂಚಿನಲ್ಲಿ ಒಂದು ವೀರಗಲ್ಲು. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತ ದನಗಾಹಿಯ ಕಲ್ಲು. ಎದೆಮಟ್ಟದ ಚಪ್ಪಡಿ, ಅದರ ಮೇಲೆ ಬಿಲ್ಲು ಹಿಡಿದ ಒಬ್ಬ ಮನುಷ್ಯ, ಅವನ ಬೆನ್ನ ಹಿಂದೆ ಒತ್ತಾಗಿ ನಿಂತ ದನಗಳು.

ಊರಿನವರು ಅದನ್ನು ದನಗಾರಪ್ಪ ಎನ್ನುತ್ತಿದ್ದರು. ಹಸು ಈದರೆ ಮೊದಲ ಗಿಣ್ಣುಹಾಲು ಆ ಕಲ್ಲಿಗೆ. ಆಮೇಲೆ ಮನೆಯವರ ಬಾಯಿಗೆ.

ಆ ವರ್ಷದ ಮಳೆಗೆ ನನ್ನ ಹಳಿಯ ಕೆಳಗಿನ ಒಂದು ಸಣ್ಣ ಮೋರಿಯಲ್ಲಿ ಅಂಚಿನ ಚಪ್ಪಡಿ ಸೀಳಿತು. ಎರಡು ದಿನದಲ್ಲಿ ಸಾಹೇಬರು ಟ್ರಾಲಿಯಲ್ಲಿ ತಪಾಸಣೆಗೆ ಬರುವವರಿದ್ದರು. ಮಾಗಡಿ ಕಡೆಯಿಂದ ಹೊಸ ಕಲ್ಲು ಬರಲು ವಾರ ಬೇಕು. ಕಲ್ಲು ಕೆಲಸದ ಸಿದ್ದಯ್ಯನನ್ನು ಕರೆದು, ಕಾವಲಿನ ಕಡೆ ಕೈ ತೋರಿಸಿದೆ.

ಅವನು ನಕ್ಕುಬಿಟ್ಟ. "ನಿಮ್ ಸಾಯೇಬ್ರಿಗೆ ಕಲ್ಲು ಬೇಕಾದ್ರೆ ರಾಮದೇವ್ರ ಬೆಟ್ಟಾನೇ ಕಿತ್ಕೊಂಡೋಗ್ಲಿ ಮೇಸ್ತ್ರಿಗಳೇ. ಇದು ಬ್ಯಾಡ."

"ಬರೀ ಕಲ್ಲು ಕಣಯ್ಯಾ."

ಅವನ ನಗು ನಿಂತಿತು. "ಕಲ್ಲು ನಾನೂ ಒಡೆದಿವ್ನಿ ಸಾಮಿ, ಚಿಕ್ಕಂದಿನಿಂದ್ಲೂ. ಇದ್ನ ನಾನ್ ಮುಟ್ಟಾಕಿಲ್ಲ."

ಅವನು ಮುಟ್ಟಲಿಲ್ಲ. ಪರಸ್ಥಳದ ನಾಲ್ಕು ಜನ ಕೂಲಿಗಳನ್ನು ಕರೆದುಕೊಂಡು, ಮಬ್ಬುಗತ್ತಲಲ್ಲಿ ನಾನೇ ಕೀಳಿಸಿದೆ. ಬೇರೆ ಕೆಲಸಕ್ಕೆಂದು ಹೇಳಿ ಸಿದ್ದಯ್ಯನ ಹಾರೆ ತಂದಿದ್ದೆ. ಮೋರಿಯ ಮೇಲೆ ಚಪಟೆ ಮುಖ ಬರಬೇಕು, ಅದು ನಮ್ಮ ಕೆಲಸದ ಪದ್ಧತಿ. ಹಾಗಾಗಿ ಕೆತ್ತನೆಯ ಮುಖ ಕೆಳಗಾಯಿತು. ಬೋರಲು ಹಾಕಿ, ಅಂಚಿಗೆ ಗಾರೆ ಮೆತ್ತಿ, ಜಲ್ಲಿ ಮುಚ್ಚಿಸಿದೆ. ಆ ಮೋರಿ ಸೊಂಟದೆತ್ತರವೂ ಇಲ್ಲ, ಬಾಯಿಗೆ ಮುಳ್ಳುಪೊದೆ. ಯಾರು ನುಗ್ಗಿ ನೋಡುತ್ತಾರೆ?

ಆದರೆ ಕಿತ್ತ ಗುಂಡಿಯ ಹತ್ತಿರ ಆ ಹಾರೆಯನ್ನು ಮರೆತು ಬಂದಿದ್ದೆ. ಅದರ ಮೇಲೆ ಸಿದ್ದಯ್ಯನ ಗುರುತಿತ್ತು.

ಮೂರನೆಯ ದಿನ ಅವನು ನನ್ನ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ.

"ನಾಳೆ ಅರಳೀಕಟ್ಟೆ ತಾವ ನ್ಯಾಯ ಸೇರಿಸವ್ರೆ. ಊರು ಬುಡಿಸ್ತಾರಂತೆ. ಬಾವಿ ನೀರು ಆಗ್ಲೇ ಇಲ್ಲ ಅಂದ್ಬುಟ್ರು. ನನ್ ಹೆಂಡ್ರು ತುಂಬಿದ್ ಬಸುರಿ ಸಾಮಿ... ನನ್ ಮಾತು ಯಾರೂ ಕೇಳಾಕಿಲ್ಲ. ನೀವೊಂದು ಮಾತೇಳಿ."

"ಬರ್ತೀನಿ," ಎಂದೆ.

"ದಿಟವಾಗ್ಲೂ?"

"ಬರ್ತೀನಿ ಅಂದೆನಲ್ಲ. ಹೋಗು."

ಅಂದು ಮಳೆ ಬಿಟ್ಟಿರಲಿಲ್ಲ. ಮಳೆಯಿದ್ದ ರಾತ್ರಿ, ಗೂಡ್ಸ್ ಗಾಡಿ ಬರುವ ಮುಂಚೆ ಹಳಿ ನೋಡಿಕೊಂಡು ಬರಬೇಕು. ಗಸ್ತಿನವನಿಗೆ ಜ್ವರ. ಲಾಟೀನು ಹಿಡಿದು ನಾನೇ ಹೊರಟೆ.

ಮೋರಿ ಇನ್ನೂ ನೂರು ಮಾರು ದೂರವಿರುವಾಗ ಮೂಗಿಗೆ ಮೊದಲು ಬಂದದ್ದು ಧೂಳಿನ ವಾಸನೆ. ಬೇಸಿಗೆಯ ಸಂಜೆ ದನಗಳು ಊರಿಗೆ ಮರಳುವಾಗ ಏಳುತ್ತದಲ್ಲ, ಆ ಬಿಸಿ ಧೂಳು... ಸುರಿಯುವ ಮಳೆಯಲ್ಲಿ!

ಆಮೇಲೆ ಗೊರಸಿನ ಸದ್ದು. ಒಂದೆರಡಲ್ಲ. ಕಾವಲಿನ ಕಡೆಯಿಂದ ಒಂದು ಹಿಂಡೇ ನಡೆದು ಬರುತ್ತಿತ್ತು. ಒಂದು ಕೊರಳಗಂಟೆಯ ಸದ್ದಿಲ್ಲ. ಒಂದು ಕರುವಿನ ಕೂಗಿಲ್ಲ.

ಗಾಡಿಗೆ ದನ ಸಿಕ್ಕಿದರೆ ನನ್ನ ಕೆಲಸ ಹೋಗುತ್ತದೆ. "ಯಾರ್ಲಾ ಅದು? ದನ ತಿರುಗಿಸ್ರೋ!" ಎಂದು ಕೂಗುತ್ತ ಓಡಿದೆ. ಮೋರಿಯ ಮೇಲೆ ನಿಂತು ಲಾಟೀನು ಎತ್ತಿ ಹಿಡಿದೆ. ಬೆಳಕಿನಲ್ಲಿ ಮಳೆ ಬಿಟ್ಟರೆ ಏನೂ ಇಲ್ಲ.

ಗೊರಸಿನ ಸದ್ದು ನನ್ನ ಮುಂದೆ ಬಂದು ನಿಂತಿತು.

ಉಸಿರು... ಎಷ್ಟೋ ಮೂಗುಗಳ ಉಸಿರು. ಮೆಲುಕು ಹಾಕುವ ಸದ್ದು. ಬರಿಗೈ ಇಳಿಬಿಟ್ಟಿದ್ದೆ, ಅದರ ಮೇಲೆ ಒರಟಾದ, ಬೆಚ್ಚನೆಯ ನಾಲಗೆಯೊಂದು ಒಮ್ಮೆ ನೆಕ್ಕಿತು. ಕೈ ಕಿತ್ತುಕೊಳ್ಳಲೂ ಆಗಲಿಲ್ಲ.

ಅದೇ ಹೊತ್ತಿಗೆ ಕಾಲ ಕೆಳಗೆ ಯಾರೋ ನರಳಿದರು.

ಬಾಯಿಗೆ ಮಣ್ಣು ಮೆತ್ತಿದವನ ದನಿ. ಹಾಸಿಗೆ ಹಿಡಿದ ರೋಗಿ ಮನೆಯವರನ್ನು ಕೇಳುವ ಹಾಗೆ, ಸಿಟ್ಟಿಲ್ಲದೆ, ಮೆಲ್ಲಗೆ...

"ಒಸಿ... ಮಗ್ಗುಲು ತಿರುಗ್ಸಪ್ಪಾ..."

ನಾನು ಅಲ್ಲೇ ಕುಸಿದೆ. ಅಂಗೈ ಜಲ್ಲಿಯ ಮೇಲಿತ್ತು. ಕೆಳಗಿನಿಂದ ಯಾರೋ ಬೆನ್ನು ಕೊಟ್ಟು ಎತ್ತಲು ನೋಡುವ ಹಾಗೆ ಜಲ್ಲಿ ಒಮ್ಮೆ ಉಬ್ಬಿ ಇಳಿಯಿತು.

"ಉಸ್ರು ಕಟ್ತೈತೆ... ಒಸಿ ತಿರುಗ್ಸಪ್ಪಾ..."

ಗಾಡಿಯ ಸೀಟಿ ಕೇಳಿದಾಗ ಹೇಗೆ ಹಳಿ ಬಿಟ್ಟು ಉರುಳಿದೆನೋ ತಿಳಿಯದು. ಇಂಜಿನ್ನಿನ ದೀಪ ಇಡೀ ಕಾವಲನ್ನು ಬೆಳಗಿಸುತ್ತ ಹೋಯಿತು. ಒಂದು ದನವಿಲ್ಲ. ಬೆಳಗ್ಗೆ ನೋಡಿದರೆ ಕೆಸರಿನಲ್ಲಿ ಒಂದು ಗೊರಸಿನ ಗುರುತೂ ಇರಲಿಲ್ಲ. ಆದರೆ ನನ್ನ ಕೈಯ ಹಿಂಭಾಗ ಉಜ್ಜಿದ ಹಾಗೆ ಕೆಂಪಾಗಿತ್ತು. ಗಿಣ್ಣುಹಾಲಿನ ವಾಸನೆ ಬರುತ್ತಿತ್ತು.

ಹೇಳಿಬಿಡುವುದೆಂದೇ ಅರಳೀಕಟ್ಟೆಗೆ ಹೋದೆ. ದೇವರಾಣೆ, ಹೇಳುವುದೆಂದೇ ಹೋದೆ.

ಊರ ಯಜಮಾನ ಚಿಕ್ಕೇಗೌಡರು ನನಗೆ ಕೂರಲು ಜಾಗ ಕೊಟ್ಟರು. ಹಾರೆ ನಡುವೆ ಬಿದ್ದಿತ್ತು. ಯಾರೋ ಸಿದ್ದಯ್ಯನನ್ನು ಹಂಗಿಸಿದರು: "ಏನ್ಲಾ, ದನಗಾರಪ್ಪನ್ನ ಒಡ್ದು ಒರಳು ಮಾಡ್ಕೊಂಡೇನ್ಲಾ?" ಎಲ್ಲರೂ ನಕ್ಕರು. ಅವನು ನನ್ನನ್ನೇ ನೋಡುತ್ತಿದ್ದ.

"ಮೇಸ್ತ್ರಿಗಳೇ, ನಿಮ್ಗೇನಾರ ಗೊತ್ತಾ?" ಎಂದರು ಗೌಡರು.

ಹಿಂದಿನ ದಿನವೇ ಸಾಹೇಬರು ಮೋರಿ ನೋಡಿ, ಒಳ್ಳೆಯ ಕೆಲಸ ಎಂದು ಬೆನ್ನು ತಟ್ಟಿ ಹೋಗಿದ್ದರು. ಬಡ್ತಿಯ ಮಾತೂ ಆಡಿದ್ದರು.

"ನನಗೇನೂ ಗೊತ್ತಿಲ್ಲ," ಎಂದೆ.

ಸಿದ್ದಯ್ಯ ನನ್ನ ಹೆಸರೆತ್ತಲಿಲ್ಲ. ಎದ್ದು ಪಂಚೆ ಕೊಡವಿಕೊಂಡ, ಅಷ್ಟೆ. ಅಂದೇ ಮಧ್ಯಾಹ್ನ ಆ ಬಸುರಿಯನ್ನು ಕರೆದುಕೊಂಡು, ಕತ್ತೆಯ ಮೇಲೆ ಸಾಮಾನು ಹೇರಿ, ಕಾನಕಾನಹಳ್ಳಿಯ ದಾರಿ ಹಿಡಿದ. ಈಗ ಕನಕಪುರ ಎನ್ನುವ ಊರು. ನನಗೆ ಬಡ್ತಿ ಬಂತು. ವಾರದೊಳಗೆ ಮೈಸೂರಿಗೆ ವರ್ಗವಾಯಿತು. ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ನಿವೃತ್ತನಾದ ಮೇಲೆ ನಿದ್ದೆ ಪೂರ್ತಿ ಹೋಯಿತು. ಹೋದ ವರ್ಷ ಧೈರ್ಯ ಮಾಡಿ ಆ ಊರಿಗೆ ಹೋದೆ. ಚಿಕ್ಕೇಗೌಡರು ಇರಲಿಲ್ಲ, ಅವರ ಮಗ, ಅವನೂ ನರೆತವನು, ಮಜ್ಜಿಗೆ ಕೊಟ್ಟು ಕೂರಿಸಿದ. ಎಲ್ಲವನ್ನೂ ಹೇಳಿದೆ. ಕಲ್ಲು ಕಿತ್ತವನು ನಾನು, ಅದು ಮೋರಿಯಲ್ಲಿದೆ, ಸಿದ್ದಯ್ಯನದು ತಪ್ಪಿಲ್ಲ ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಯಜಮಾನ್ರೇ, ಬಿಸ್ಲಲ್ಲಿ ಬಂದಿದ್ದೀರ. ಬನ್ನಿ ಇತ್ಲಾಗೆ."

ಕಾವಲಿನ ಅಂಚಿಗೆ ಕರೆದೊಯ್ದ.

ವೀರಗಲ್ಲು ನಿಂತಿತ್ತು. ಅದೇ ಬಿಲ್ಲು, ಅವೇ ದನಗಳು. ಮೇಲೆ ಅಂದಿನ ಹಾಲು ಇನ್ನೂ ಒಣಗಿರಲಿಲ್ಲ.

"ಸಿದ್ದ ಊರು ಬುಟ್ಟ ಹದಿನೈದು ದಿನಕ್ಕೆ ಹೆಂಗಿತ್ತೋ ಹಂಗೇ ನಿಂತಿತ್ತು. ರಾತ್ರೋರಾತ್ರಿ ಅವನೇ ಹೆದರ್ಕಂಡು ತಂದಿಟ್ಟವ್ನೆ ಅಂದ್ರು ನಮ್ಮಪ್ಪ. ಕದ್ದಿದ್ದು ಅವನೇ ಅನ್ನಾಕೆ ಇನ್ನೇನ್ ಬೇಕು?"

ನಾನು ಕಲ್ಲಿನ ಅಂಚು ಮುಟ್ಟಿ ನೋಡಿದೆ. ಎರಡೂ ಕಡೆ ಹಳೆಯ ಗಾರೆ ಕಚ್ಚಿಕೊಂಡಿತ್ತು.

"ನೋಡಪ್ಪಾ, ಇದು ನಾನು ಮೆತ್ತಿದ ಗಾರೆ..."

"ನೆಡುವಾಗ ಯಾರೋ ಮೆತ್ತಿರ್ತಾರೆ ಬುಡಿ," ಎಂದ. ಆಮೇಲೆ ಸ್ವಲ್ಪ ಮೆತ್ತಗಾದ. "ಸಿದ್ದನ ಮಗ ಮೊನ್ನೆ ಬಂದಿದ್ದ. ಅಪ್ಪ ಸಾಯೋ ಹಂಗವ್ನೆ, ಊರಿನ ಮಣ್ಣಲ್ಲೇ ಮಡಗ್ಬೇಕಂತೆ, ಜಾಗ ಕೊಡಿ ಅಂದ. ಆಗಾಕಿಲ್ಲ ಅಂದ್ಬುಟ್ರು ಜನ. ನೀವು ಹೇಳೋದು ದಿಟ ಆದ್ರೆ ಆ ಮೋರೀಲಿ ಏನಾರ ಗುರುತು ಇರ್ಬೇಕಲ್ವಾ? ಕಲ್ಲು ಕಿತ್ತು ಬಂದಿದ್ರೆ ಅಲ್ಲಿ ಬಾಯಿ ಬುಟ್ಕೊಂಡಿರ್ಬೇಕು. ಇಲ್ದಿದ್ರೆ ಇಂಥದ್ದೇ ಇನ್ನೊಂದಿರ್ಬೇಕು. ಏನಾರ ತೋರ್ಸಿ. ನಾನೇ ಗಾಡಿ ಕಟ್ಕೊಂಡೋಗಿ ಸಿದ್ದನ್ನ ಕರ್ಕೊಂಡ್ಬತ್ತೀನಿ."

ಇಬ್ಬರೂ ಮೋರಿಗೆ ಹೋದೆವು. ಹೊತ್ತು ಮುಳುಗುತ್ತಿತ್ತು. ಮೇಲೆ ಜಲ್ಲಿ ಒಂದಿಷ್ಟೂ ಕದಲಿರಲಿಲ್ಲ. ಯಾರೂ ಬಿಚ್ಚಿದ ಗುರುತಿಲ್ಲ. ಅವನು ಮುಳ್ಳು ಸರಿಸಿ, ತಾನು ಹಿಂದೆ ನಿಂತ.

"ಬಗ್ಗಿ ನೋಡಿ. ನೀವ್ ಹಾಕಿದ್ ಕಲ್ಲು, ನಿಮ್ಗೇ ಗುರುತು."

ಮೋರಿಯ ಒಳಗಿಂದ ಬೆಚ್ಚನೆಯ ಗಾಳಿ ಬಂದು ನನ್ನ ಮೊಣಕಾಲಿಗೆ ತಾಕಿತು. ನಿಂತಿತು. ಮತ್ತೆ ಬಂತು.

ಒಂದು ಮೊಳ ಬಗ್ಗಿದ್ದರೆ ಸಾಕಿತ್ತು. ಒಬ್ಬ ಸಾಯುವ ಮನುಷ್ಯನಿಗೆ ಅವನ ಊರು ಸಿಗುತ್ತಿತ್ತು.

"ಏನಾಯ್ತು ಯಜಮಾನ್ರೇ?" ಎಂದ ಗೌಡರ ಮಗ.

"ಕತ್ತಲೆ... ಏನೂ ಕಾಣುತ್ತಿಲ್ಲ," ಎಂದೆ. ನಾನು ಬಗ್ಗಿಯೇ ಇರಲಿಲ್ಲ.