ಸೌಟಣ್ಣನ ಉಪ್ಪಿನ ಕೈ

ವಿಶ್ವವಿದ್ಯಾಲಯದ ಹಾಸ್ಟೆಲಿನ ಅಡುಗೆಯವನನ್ನು ಎಲ್ಲರೂ ಸೌಟಣ್ಣ ಎಂದೇ ಕರೆಯುತ್ತಿದ್ದರು. ಆಳು ಗಿಡ್ಡ, ದನಿ ಮಾತ್ರ ಕೊಪ್ಪರಿಗೆಯ ಬಾಯಷ್ಟು ಅಗಲ. ಉಪ್ಪನ್ನು ಅವನು ಚಮಚದಲ್ಲಿ ಅಳೆದವನಲ್ಲ. ಬೊಗಸೆಯಲ್ಲಿ ತೆಗೆದು ಹಬೆಯೊಳಗೆ ಬೀಸಿ ಎರಚುತ್ತಿದ್ದ. ಹುಡುಗ ಹುಡುಗಿಯರು ನಾಲಗೆ ಚಪ್ಪರಿಸಿದರೆ ಸಾಕು, ಅವನ ಎದೆ ಎರಡು ಗೇಣು ಉಬ್ಬುತ್ತಿತ್ತು.

ಅವನ ಅಕ್ಕನ ಮಗಳು ಓದಲು ಬಂದದ್ದು ಅಲ್ಲಿಗೇ. ಎರಡನೆಯ ವರ್ಷ ಅವಳಿಗೆ ಬಿಟ್ಟೂ ಬಿಡದ ತಲೆನೋವು. ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಬಿಚ್ಚಿ ಮತ್ತೆ ಸುತ್ತಿದರು.

"ಇದು ನಿಮ್ಮಜ್ಜಿಗೆ ಇರಬೇಕಾದ ಬೀಪಿ ಕಣೇ. ಉಪ್ಪು ಇಳಿಸು, ಇಲ್ಲದಿದ್ರೆ ಕಿಡ್ನಿಗೆ ಹೊಡೆತ."

ಹುಡುಗಿಯ ಅಪ್ಪ ಹೋದದ್ದೂ ಅದೇ ಕಾಯಿಲೆಯಲ್ಲಿ. ಭಾವನನ್ನು ಹೊತ್ತ ಹೆಗಲು ಸೌಟಣ್ಣನದು. ಅಂದೇ ಅವಳಿಗೆಂದು ಪುಟ್ಟ ಪಾತ್ರೆಯಲ್ಲಿ ಬೇರೆ ಬೇಯಿಸಿಟ್ಟ.

"ನಾನೇನು ಬಾಣಂತಿನಾ ಮಾವ, ಬೇರೆ ಅಡುಗೆ ಮಾಡೋಕೆ? ಎಲ್ರೂ ನಗ್ತಾರೆ" ಎಂದು ಅವಳು ತಟ್ಟೆ ಸರಿಸಿದಳು.

ಹಾಗಾದರೆ ಎಲ್ಲರಿಗೂ ಒಂದೇ ಎಂದು ಸೌಟಣ್ಣ ಮರುದಿನವೇ ದೊಡ್ಡ ಕೊಪ್ಪರಿಗೆಯ ಉಪ್ಪನ್ನು ಅರ್ಧಕ್ಕೆ ಇಳಿಸಿದ.

"ಏನ್ ಸೌಟಣ್ಣ, ಹೆಂಡ್ತಿ ಜತೆ ಜಗಳನಾ?"

"ನಾಲಗೆ ಮೇಲೆ ಹತ್ತಿ ಇಟ್ಟಂಗಿದೆ!"

"ತೆಪ್ಪಗೆ ತಿನ್ರೋ, ಮೈಗೆ ಒಳ್ಳೇದು!" ಎಂದು ಅವನು ಗುಡುಗಿದ. ಅರ್ಧ ತಿಂದ ತಟ್ಟೆಗಳು ತೊಟ್ಟಿಗೆ ಬಿದ್ದವು. ಸಂಜೆಯಾದರೆ ಗೇಟಿನ ಅಂಗಡಿಯ ಮುಂದೆ ಜಾತ್ರೆ. ಚಿಪ್ಸು, ನೂಡಲ್ಸು, ಕರಿದ ಕಾಳು. ಅಕ್ಕನ ಮಗಳ ರಕ್ತದೊತ್ತಡ ಇಳಿಯುವುದಿರಲಿ, ಮುಂದಿನ ಸಲ ನೋಡಿಸಿದಾಗ ಇನ್ನೂ ಏರಿತ್ತು. ಡಾಕ್ಟರಮ್ಮ ಮಾತ್ರೆ ಬರೆದರು.

"ಗೇಟಿನ ಹತ್ರ ನೀನೂ ತಿಂದ್ಯಾ?" ಎಂದು ಸೌಟಣ್ಣ ದಾರಿಯಲ್ಲಿ ಕೇಳಿದ.

"ಊಟ ಸಪ್ಪೆ ಅಂತ ಎಲ್ರೂ ಎದ್ದು ಹೋದ್ರು. ನಾನೊಬ್ಳೇ ಕೂತು ತಿನ್ಲಾ ಮಾವ?"

ಮರುದಿನ ಉಪ್ಪು ಮೊದಲಿನಷ್ಟೇ ಬಿತ್ತು. ಊಟದ ಮನೆ ಮತ್ತೆ ತುಂಬಿತು. ಆಮೇಲೆ ಅವನು ಯಾರಿಗೂ ಹೇಳದೆ, ವಾರಕ್ಕೊಂದು ಚಿಟಿಕೆಯಂತೆ, ಬೊಗಸೆಯನ್ನು ಸಣ್ಣದು ಮಾಡುತ್ತ ಬಂದ. ಯಾರ ನಾಲಗೆಗೂ ಗೊತ್ತಾಗಲಿಲ್ಲ. ಅಂಗಡಿಯ ಮುಂದಿನ ಗುಂಪು ಕರಗಿತು. ಮಾತ್ರೆಯಂತೂ ನಿಲ್ಲಲಿಲ್ಲ, ಆದರೆ ವರ್ಷದ ಕೊನೆಗೆ ಡಾಕ್ಟರಮ್ಮ ಅದನ್ನು ಅರ್ಧ ಮಾಡಿದರು.

ಆ ವಾರವೇ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಊಟಕ್ಕೆ ಕೂತ. ಒಂದು ತುತ್ತು ಬಾಯಿಗಿಟ್ಟವನೇ ಮುಖ ಸಿಂಡರಿಸಿದ.

"ಏನಣ್ಣಾ, ಕೈ ಕೆಟ್ಟು ಹೋಯ್ತಾ? ಆ ಹಳೇ ರುಚಿನೇ ಇಲ್ಲ!"

ಅಡುಗೆಗೆ ಹೆಸರಿಟ್ಟವರನ್ನು ಸೌಟು ಹಿಡಿದೇ ಅಟ್ಟುತ್ತಿದ್ದ ಮನುಷ್ಯ ಅಂದು ಹಲ್ಲುಬಿಟ್ಟು ನಕ್ಕ.

"ವಯಸ್ಸಾಯ್ತಲ್ಲಪ್ಪಾ" ಎಂದು, ಎರಡನೆಯ ಸಲ ಬಡಿಸಿಕೊಳ್ಳಲು ನಿಂತಿದ್ದ ಅಕ್ಕನ ಮಗಳ ತಟ್ಟೆಯತ್ತ ತಿರುಗಿದ.