ಈ ಮರ ಯಾರದು, ಅತ್ತೆ?

ಮಾನಿಕುರಿಯಲ್ಲಿ ಯಾರನ್ನಾದರೂ "ನೀನು ಎಲ್ಲಿಯವನು?" ಎಂದು ಕೇಳಿದರೆ ಅವನು ಬಾಯಿ ತೆರೆಯುವುದಿಲ್ಲ, ಒಂದು ತೆಂಗಿನ ಮರದ ಕಡೆ ಕೈ ತೋರಿಸುತ್ತಾನೆ. ಮಗು ಹುಟ್ಟಿ ಏಳೆಂಟು ದಿನಕ್ಕೆ ಹೊಕ್ಕುಳಬಳ್ಳಿ ಒಣಗಿ ಉದುರುತ್ತದಲ್ಲ, ಅದನ್ನು ಗುಂಡಿಯಲ್ಲಿಟ್ಟು, ಮೇಲೊಂದು ಮೊಳೆತ ತೆಂಗಿನಕಾಯಿ ಕೂರಿಸಿ ಮಣ್ಣು ಮುಚ್ಚುತ್ತಾರೆ. ಮರ ನಿಂತ ನೆಲ ಆ ಮಗುವಿನ ನೆಲ. ಗಯಾನಾದ ಗಡಿಯಂಚಿನ ಈ ನದಿ ದಡದಲ್ಲಿ ನಲವತ್ತನಾಲ್ಕು ವರ್ಷಗಳಿಂದ ಅಂಥ ಗುಂಡಿ ತೋಡುತ್ತ ಬಂದವಳು ಸೂಲಗಿತ್ತಿ ಯೂಡೋರಾ ಲಾ ಕ್ರೂಸ್. ಕಸುಬು ತಾಯಿಯಿಂದ ಬಂದದ್ದು, ಕೋಪವೂ ಅಲ್ಲಿಂದಲೇ ಬಂದದ್ದು. ಓದುಬರಹ ಮಾತ್ರ ಯಾರಿಂದಲೂ ಬರಲಿಲ್ಲ. ಯಾವ ಮರ ಯಾರದು ಎಂಬುದು ಅವಳ ತಲೆಯಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ನದಿಯ ಆ ದಡ ವೆನೆಜುವೆಲಾ. ಈ ದಡವೂ ತಮ್ಮದೇ ಎಂದು ಆ ದೇಶದವರು ಅಜ್ಜಂದಿರ ಕಾಲದಿಂದ ಹೇಳುತ್ತಲೇ ಇದ್ದರು. ಮಾನಿಕುರಿಯ ಜನ ಅದನ್ನು ಕಿವಿಗೆ ಹಾಕಿಕೊಂಡವರಲ್ಲ. ಆ ದಡದಿಂದ ಹೆಣ್ಣು ತಂದರು, ಈ ದಡದ ಮರಗೆಣಸಿನ ರೊಟ್ಟಿ ಅಲ್ಲಿಗೆ ಕಳಿಸಿದರು. ಆಮೇಲೆ ದೂರದ ಸಮುದ್ರದ ತಳದಲ್ಲಿ ಎಣ್ಣೆ ಸಿಕ್ಕಿತು. ಮಾನಿಕುರಿಯ ದೀಪಗಳಿಗೆ ಅದರ ಒಂದು ಹನಿಯೂ ಬರಲಿಲ್ಲ, ಜಗಳ ಮಾತ್ರ ತಡಮಾಡದೆ ಬಂತು. ಆ ದೇಶದವರು ಈ ದಡವನ್ನೂ ಸೇರಿಸಿ ಹೊಸ ನಕ್ಷೆ ಬರೆದುಕೊಂಡರಂತೆ. ಈ ದೇಶದವರು ದೋಣಿಕಟ್ಟೆಯ ಮೇಲೆ ಒಂದು ಚೌಕಿ ಕಟ್ಟಿ, ಹಿಂಡ್ಸ್ ಎಂಬ ಸಾರ್ಜೆಂಟನನ್ನೂ ಆರು ಜನ ಸಿಪಾಯಿಗಳನ್ನೂ ತಂದು ಕೂರಿಸಿದರು. ಅಲ್ಲಿಂದ ಮುಂದೆ ಊರಿನಲ್ಲಿ ಯಾರು ಯಾರ ಮನೆಗೆ ಹೋದರೂ ಮೂರನೆಯವನೊಬ್ಬ ನೋಡುತ್ತಿದ್ದ.

ಯೂಡೋರಾಳ ತಲೆಗೆ ಅನುಮಾನದ ಹುಳ ಹೊಕ್ಕಿದ್ದು ಅದೇ ದಿನಗಳಲ್ಲಿ, ಅದೂ ಮನೆಯೊಳಗಿಂದಲೇ.

ಅವಳ ಸೊಸೆ ಯುಸ್ಮಾರಿ ಆ ದಡದವಳು. ಮಗ ಲೆನ್ನಾಕ್ಸ್ ಕಾಡಿನೊಳಗೆ ಚಿನ್ನದ ಗಣಿಯಲ್ಲಿದ್ದು, ಮೂರು ತಿಂಗಳಿಗೊಮ್ಮೆ ಮನೆ ಕಾಣುವವನು. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಸೊಸೆಗೆ ಏಳು ತಿಂಗಳು. ತುರಿದ ಮರಗೆಣಸನ್ನು ಹೆಣೆದ ಉದ್ದ ಚೀಲಕ್ಕೆ ತುಂಬಿ, ಅದನ್ನು ಜಂತೆಗೆ ತೂಗುಹಾಕಿ, ವಿಷದ ನೀರು ಇಳಿಯುವ ತನಕ ಹಿಂಡುವುದು ಇಬ್ಬರ ನಿತ್ಯದ ಕೆಲಸ. ಒಂದು ದಿನ ಹಿಂಡುತ್ತ ಹಿಂಡುತ್ತ ಯುಸ್ಮಾರಿ ಕೇಳಿದಳು:

"ಆ ಬಾಗಿದ ಮರ ಯಾರದು, ಅತ್ತೆ?"

"ಬೆನೆಡಿಕ್ಟನ ದೊಡ್ಡ ಮಗಳದು. ಕಾಲು ಮುಂದಾಗಿ ಬಂದ್ಲು ಮುಂಡೇದು. ಮರಾನೂ ಸೊಟ್ಟ ಆಯ್ತು."

"ಪಕ್ಕದ್ದು?"

ಮೊದಮೊದಲು ಯೂಡೋರಾಗೆ ಖುಷಿಯೇ ಆಯಿತು. ಮರಕ್ಕೊಂದು ಕಥೆ ಹೇಳಿದಳು. ಆದರೆ ಸೊಸೆ ಮರುದಿನವೂ ಕೇಳಿದಳು, ಅದರ ಮರುದಿನವೂ. ಯಾವ ವರ್ಷ, ಯಾವ ತಿಂಗಳು, ಅಪ್ಪನ ಹೆಸರೇನು. ಒಮ್ಮೆಯಂತೂ ಕೇಳಿದ ಮರವನ್ನೇ ತಿರುಗಿ ಕೇಳಿದಳು.

"ಮೊನ್ನೆ ಹೇಳಿದ್ನಲ್ಲೇ. ಕಿವೀಲಿ ಮರಗೆಣಸು ತುಂಬ್ಕೊಂಡಿದ್ದೀಯಾ?"

ಯುಸ್ಮಾರಿ ಏನೋ ಹೇಳಲು ಹೋಗಿ ಸುಮ್ಮನಾದಳು. ಆ ಸುಮ್ಮನಾದದ್ದು ಮುದುಕಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಪರದೇಶದವಳಿಗೆ ನಮ್ಮ ಮಕ್ಕಳ ಲೆಕ್ಕ ಯಾಕೆ ಬೇಕು? ಬುಧವಾರ ಬುಧವಾರ ಚಿಕ್ಕಮ್ಮನನ್ನು ನೋಡಿ ಬರುತ್ತೇನೆಂದು ನದಿ ದಾಟುತ್ತಾಳಲ್ಲ, ನೋಡುವುದಕ್ಕೇ ಹೋಗುತ್ತಾಳೋ, ಹೇಳುವುದಕ್ಕೆ ಹೋಗುತ್ತಾಳೋ? ನೀರಿಗೆ ಬಂದ ಹೆಂಗಸರೂ ಮುದುಕಿಯ ಕಿವಿಗೆ ಅಷ್ಟಿಷ್ಟು ಊದಿದರು. ಸೊಸೆಯ ಬುಟ್ಟಿಯಲ್ಲಿ ಬಟ್ಟೆಯಡಿ ಮಡಿಸಿಟ್ಟ ನಾಲ್ಕು ಹಾಳೆ ಸಿಕ್ಕಿದಾಗ ಯೂಡೋರಾಗೆ ಎಲ್ಲ ಖಾತ್ರಿಯಾಗಿಹೋಯಿತು. ಅಕ್ಷರ ಗೊತ್ತಿರಲಿಲ್ಲ ನಿಜ. ಆದರೆ ಸಾಲು ಸಾಲಾಗಿ ಬರೆದದ್ದು, ಪ್ರತಿ ಸಾಲಿನ ಕೊನೆಯಲ್ಲಿ ಸಣ್ಣದೊಂದು ತೆಂಗಿನ ಮರದ ಚಿತ್ರ ಬಿಡಿಸಿದ್ದು ಕಾಣದಷ್ಟು ಅವಳ ಕಣ್ಣು ಹಾಳಾಗಿರಲಿಲ್ಲ.

ಸೊಸೆಯನ್ನೇ ಕೂರಿಸಿ ಕೇಳಬಹುದಿತ್ತು. ಕೇಳಲಿಲ್ಲ. ಅನುಮಾನ ಹೊಕ್ಕವರಿಗೆ ಕೇಳುವ ತಾಳ್ಮೆ ಎಲ್ಲಿರುತ್ತದೆ? ಹಾಳೆಗಳನ್ನು ಸೆರಗಿನಂತೆ ಹೊದ್ದ ಬಟ್ಟೆಯೊಳಗೆ ಬಚ್ಚಿಟ್ಟುಕೊಂಡು ನೇರ ಚೌಕಿಗೆ ನಡೆದಳು.

"ಮನೆಯೊಳಗೇ ಇದ್ದಾಳೆ ಸಾರ್, ಆ ಕಡೆಯವಳು," ಎಂದಳು. "ನಮ್ಮೂರ ಮಕ್ಕಳ ಹೆಸ್ರೆಲ್ಲ ಬರ್ದು ಆಚೆಗೆ ಸಾಗಿಸ್ತಿದ್ದಾಳೆ."

ಸಾರ್ಜೆಂಟ್ ಹಿಂಡ್ಸ್ ಹಾಳೆ ತಿರುಗಿಸಿ ನೋಡಿದ. ಬರಹ ಸ್ಪ್ಯಾನಿಷ್. ಅವನಿಗೆ ಬಾರದು. ದೂರನ್ನು ದಪ್ಪ ಪುಸ್ತಕದಲ್ಲಿ ಬರೆದುಕೊಂಡ, ಮುದುಕಿಯ ಹೆಬ್ಬೆಟ್ಟು ಒತ್ತಿಸಿಕೊಂಡ, ವೈರ್‌ಲೆಸ್ಸಿನಲ್ಲಿ ಮೇಲಿನವರಿಗೆ ಸುದ್ದಿ ಮುಟ್ಟಿಸಿದ. ಆಮೇಲೆ ಯುಸ್ಮಾರಿಯನ್ನು ಕರೆಸಿ, ಹಾಳೆ ಓದಲು ಅಂಗಡಿಯ ರಮ್‌ಕಿಸೂನನಿಗೂ ಹೇಳಿಕಳಿಸಿದ. ರಮ್‌ಕಿಸೂನ್ ಆ ದಡದಲ್ಲಿ ಇಪ್ಪತ್ತು ವರ್ಷ ಉಪ್ಪು ಸಾಬೂನು ಮಾರಿದವನು.

ಅವನು ಕನ್ನಡಕ ಏರಿಸಿಕೊಂಡು ಮೊದಲ ಸಾಲಿಗೇ ನಿಂತುಬಿಟ್ಟ. ಯೂಡೋರಾಳ ಮುಖ ನೋಡಿದ.

"ಓದೋ," ಎಂದಳು ಅವಳು. "ನನ್ನ ಮುಖದಲ್ಲಿ ಏನು ಬರೆದಿದೆ?"

"ಮೇಲ್ಗಡೆ ಹೀಗಿದೆ ಅಜ್ಜಿ. 'ಅತ್ತೆ ಮರೆಯೋಕೆ ಮುಂಚೆ' ಅಂತ."

ಅವನು ಓದುತ್ತ ಹೋದ. ಹೆಸರು, ತಾಯಿ ತಂದೆ, ಹುಟ್ಟಿದ ವರ್ಷ, ಮರ ಎಲ್ಲಿದೆ, ಹೆರಿಗೆ ಮಾಡಿಸಿದವಳು ಯೂಡೋರಾ ಲಾ ಕ್ರೂಸ್. ಹೀಗೆ ಮೂವತ್ತೇಳು ಮಕ್ಕಳು. ಎರಡು ಕಡೆ ಪಕ್ಕದಲ್ಲಿ, 'ಅತ್ತೆ ಸೋಮವಾರ ಒಂದು ಹೆಸರು ಹೇಳಿದರು, ಶುಕ್ರವಾರ ಇನ್ನೊಂದು, ತಾಯಿಯನ್ನು ಕೇಳಬೇಕು' ಎಂದಿತ್ತು.

"ಮಳೆಗಾಲ ಮುಗಿದ ಮೇಲೆ ದೊಡ್ಡ ಅಧಿಕಾರಿ ಬರ್ತಾರಂತೆ," ಎಂದಳು ಯುಸ್ಮಾರಿ. ಅವಳು ಅತ್ತೆಯ ಕಡೆ ನೋಡುತ್ತಿರಲಿಲ್ಲ. "ರೇಡಿಯೋದಲ್ಲಿ ಹೇಳಿದ್ರು. ಕಾಗದ ಇಲ್ದೋರೆಲ್ಲ ಈ ದಡದಲ್ಲೇ ಹುಟ್ಟಿದ್ದು ಅಂತ ತೋರಿಸ್ಬೇಕಂತೆ. ಈ ಮಕ್ಕಳಿಗೆ ಇರೋ ಸಾಕ್ಷಿ ಅತ್ತೆ ಒಬ್ರೇ. 'ನಿಮಗೆ ಮರೆವು ಬರ್ತಿದೆ' ಅಂತ ಅವ್ರ ಮುಖಕ್ಕೆ ಹೇಗೆ ಹೇಳ್ಲಿ? ನನಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಬರೆಯೋಕೆ ಬರಲ್ಲ."

"ಕೊನೇ ಸಾಲು ಒಂದಿದೆ," ಎಂದ ರಮ್‌ಕಿಸೂನ್. ಅವನ ದನಿ ಇಳಿದಿತ್ತು. "'ನಮ್ಮ ಮಗು. ಮರ: ಅತ್ತೆ ಎಲ್ಲಿ ಹೇಳ್ತಾರೋ ಅಲ್ಲಿ.'"

ಜೀವಮಾನದಲ್ಲಿ ಎಷ್ಟೋ ಹೆಂಗಸರ ನೋವನ್ನು ಕೈಯಲ್ಲಿ ಹಿಡಿದ ಯೂಡೋರಾಗೆ ತನ್ನ ನಾಚಿಕೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ತಪ್ಪಾಯ್ತು ಸಾರ್. ಬರೆದದ್ದು ಹೊಡೆದುಹಾಕಿ."

"ಮೇಲಕ್ಕೆ ಹೋಗಿಯಾಯ್ತಲ್ಲ ಅಜ್ಜಿ," ಎಂದ ಹಿಂಡ್ಸ್. ಅವನೇನೂ ಕೆಟ್ಟವನಲ್ಲ, ಆದರೆ ಆ ಪುಸ್ತಕಕ್ಕೆ ಅವನೂ ಹೆದರುತ್ತಿದ್ದ. "ನಿಮ್ಮ ಬಾಯಿಂದ ಬಂದದ್ದೇ. ಈಗ ನುಂಗೋಕಾಗಲ್ಲ. ಇವಳ ಹತ್ರ ಈ ದೇಶದ ಕಾಗದ ಒಂದೂ ಇಲ್ಲ. ದೂರು ಇಲ್ದಿದ್ರೆ ಯಾರೂ ಕೇಳ್ತಿರ್ಲಿಲ್ಲ. ವಿಚಾರಣೆ ಮುಗಿಯೋವರ್ಗೂ ಆ ದಡದಲ್ಲಿರ್ಲಿ."

ಮಧ್ಯಾಹ್ನದ ದೋಣಿಗೆ ಯುಸ್ಮಾರಿ ಹೋದಳು. ಬಟ್ಟೆಯ ಗಂಟು ಎತ್ತಿಕೊಡಲು ಯೂಡೋರಾ ಕೈ ಚಾಚಿದಾಗ ಅದನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಹೆರಿಗೆಗೆ ಉಳಿದಿದ್ದ ಎರಡು ತಿಂಗಳು ಮುದುಕಿ ಒಬ್ಬಳೇ ಮರಗೆಣಸು ಹಿಂಡಿದಳು. ಮರಗಳ ಕೆಳಗೆ ನಿಂತು ಹೆಸರು ಹೇಳಿಕೊಂಡಳು, ನಾಲ್ಕು ಹೆಸರು ಬರಲೇ ಇಲ್ಲ. ಗಣಿಯಿಂದ ಬಂದ ಲೆನ್ನಾಕ್ಸ್ ಎರಡು ದಿನ ಮನೆಯಲ್ಲಿ ಅನ್ನ ಮುಟ್ಟದೆ ಹೆಂಡತಿಯ ಬಳಿಗೆ ದಾಟಿಹೋದ. ದಿನ ತುಂಬಿದೆ ಎಂದು ಅವನೇ ಹೇಳಿಕಳಿಸಿದಾಗ ಯೂಡೋರಾ ಕತ್ತರಿ, ನೂಲು, ಬಟ್ಟೆ ಕಟ್ಟಿಕೊಂಡು ದೋಣಿ ಹತ್ತಿದಳು.

ಆ ದಡದಲ್ಲೂ ಒಂದು ಚೌಕಿ ಇತ್ತು, ಅಲ್ಲೂ ಬಂದೂಕು ಹಿಡಿದವನೊಬ್ಬ ಇದ್ದ. ಕತ್ತರಿ ಯಾಕೆ, ಎಷ್ಟು ದಿನ ಇರುತ್ತೀ, ಏನೇನು ನೋಡಿಕೊಂಡು ಹೋಗಲು ಬಂದೆ ಎಂದು ಕೇಳಿದ. ಯುಸ್ಮಾರಿಯ ಚಿಕ್ಕಮ್ಮನ ನೆರೆಹೊರೆಯವರು ಬಾಗಿಲಲ್ಲೇ ನಿಂತು, "ಎಣ್ಣೆ ಕಡೆ ಮುದುಕಿ ಬಂದ್ಲು, ಬಾಯಿ ಬಿಗಿಹಿಡೀರಿ," ಎಂದು ನಕ್ಕರು. ಯೂಡೋರಾ ಅವರ ನಡುವೆಯೇ ದಾಟಿ ಒಳಗೆ ಹೋದಳು.

ಹೆಣ್ಣು ಮಗು, ನಡುಹಗಲಿನಲ್ಲಿ ಹುಟ್ಟಿತು. ನೋವಿನ ನಡುವೆ ಯುಸ್ಮಾರಿ ಅತ್ತೆಯ ಮಣಿಕಟ್ಟನ್ನು ಉಗುರು ಇಳಿಯುವಂತೆ ಹಿಡಿದಿದ್ದಳು. ಮಗು ಅತ್ತೊಡನೆ ಬಿಟ್ಟಳು. ಆಮೇಲೆ ಎಂಟು ದಿನ ಬೇಕು ಬೇಡ ಅಷ್ಟೇ ಮಾತು.

ಎಂಟನೆಯ ದಿನ ಬಳ್ಳಿ ಉದುರಿತು. ಯೂಡೋರಾ ಮುಟ್ಟಲಿಲ್ಲ. ಅಂಗಳದಲ್ಲಿ ಚಿಕ್ಕಮ್ಮ ಆಗಲೇ ಗುಂಡಿ ತೋಡಿಟ್ಟಿದ್ದಳು.

"ಇಲ್ಲೇ ಹೂಳೋದು ನ್ಯಾಯ," ಎಂದಳು ಯೂಡೋರಾ. "ಹುಟ್ಟಿದ್ದು ಇಲ್ಲಿ. ಕಳಿಸಿದ್ದು ನಾನು."

ಯುಸ್ಮಾರಿ ಮಗುವನ್ನು ಚಿಕ್ಕಮ್ಮನ ಕೈಗಿತ್ತಳು. ಒಣಗಿದ ಬಳ್ಳಿಯನ್ನು ತಂಬಾಕಿನ ಡಬ್ಬಿಗೆ ಹಾಕಿ ಅತ್ತೆಯ ಕೈಗೆ ಕೊಟ್ಟಳು.

"ಅವಳಪ್ಪನ ಮರದ ಪಕ್ಕ ಇಡಿ. ಇಟ್ಟಿದ್ದೀನಿ ಅಂತ ಬರೆಸಿ ಕಳಿಸ್ಬೇಕು. ನಿಮ್ಮ ಬಾಯಿಮಾತು ಇನ್ಮೇಲೆ ನಾನು ನಂಬಲ್ಲ, ಅತ್ತೆ."

"ನಂಬಬೇಡ," ಎಂದಳು ಯೂಡೋರಾ.

ಮಾನಿಕುರಿಯ ಕಟ್ಟೆಯಲ್ಲಿ ಹಿಂಡ್ಸ್ ಡಬ್ಬಿ ತೆರೆಸಿದ. ಒಳಗಿದ್ದುದನ್ನು ನೋಡಿದವನೇ ಮುಚ್ಚಳವನ್ನು ತಾನೇ ಹಾಕಿ, "ಹೋಗಿ ಅಜ್ಜಿ, ನಾನು ನೋಡ್ಲಿಲ್ಲ," ಎಂದ.

"ನೋಡಿದ್ದೀಯ. ಬರ್ಕೊ."

"ಬರೆದ್ರೆ ತೊಂದ್ರೆ. ಆಚೆಯಿಂದ ತಂದದ್ದು ಅಂತಾಗುತ್ತೆ."

"ದೂರು ಬರೆದ ಹಾಳೇಲೇ, ಅದರ ಕೆಳಗೇ ಬರ್ಕೊ. ದೂರು ಕೊಟ್ಟೋಳು ತಿಳೀದೆ ಸುಳ್ಳು ಹೇಳಿದ್ಲು. ಅವಳಿಗೆ ಮರೆವು ಬಂದಿದೆ. ಅವಳ ಸೊಸೆ ಬರೆದದ್ದೇ ಸರಿ. ಯುಸ್ಮಾರಿ ಮಗಳ ಹೊಕ್ಕುಳಬಳ್ಳಿ ಇವತ್ತಿಂದ ಈ ದಡದಲ್ಲಿ, ಲೆನ್ನಾಕ್ಸನ ಮರದ ಪಕ್ಕ ಇರುತ್ತೆ. ಮೇಲಿನವರಿಗೂ ಇದನ್ನೇ ಹೇಳು, ಅವತ್ತು ಹೇಳಿದಷ್ಟೇ ಬೇಗ."

ಮರೆವು ಬಂದಿದೆ ಎನ್ನುವ ಮಾತನ್ನು ಇಡೀ ಊರಿನಲ್ಲಿ ಬೇರೆ ಯಾರು ಆಡಿದ್ದರೂ ಅವಳು ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಹಿಂಡ್ಸ್ ಪೆನ್ನು ತೆಗೆದ. ಬರೆದು ಮುಗಿಸಿ ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಯೂಡೋರಾ ತಕ್ಷಣ ಹೆಬ್ಬೆಟ್ಟು ಒತ್ತಲಿಲ್ಲ. ರಮ್‌ಕಿಸೂನನನ್ನು ಕರೆಸಿ ಎರಡು ಸಲ ಓದಿಸಿದಳು, ಅದೇ ಮಾತನ್ನು ಬೇರೊಂದು ಹಾಳೆಯಲ್ಲಿ ಸ್ಪ್ಯಾನಿಷಿನಲ್ಲಿ ಬರೆಸಿದಳು. ಎರಡರ ಮೇಲೂ ಹೆಬ್ಬೆಟ್ಟು ಒತ್ತಿದಳು. ಸ್ಪ್ಯಾನಿಷಿನದು ಅಂದಿನ ದೋಣಿಯಲ್ಲೇ ಆ ದಡಕ್ಕೆ ಹೋಯಿತು. ಅವಳು ಡಬ್ಬಿಯನ್ನೂ ಹಾರೆಯನ್ನೂ ಹಿಡಿದು ಲೆನ್ನಾಕ್ಸನ ಮರದ ಕಡೆ ನಡೆದಳು. ದಾರಿಯಲ್ಲಿ ಯಾರಾದರೂ ಸಿಕ್ಕಾಗಲೆಲ್ಲ ಯುಸ್ಮಾರಿ ಮಗುವಿಗಿಟ್ಟ ಹೆಸರನ್ನು ಜೋರಾಗಿ ಹೇಳಿ, ಅವರ ಬಾಯಿಂದಲೂ ಒಮ್ಮೆ ಹೇಳಿಸಿದಳು.