ಪಾತ್ರೆ ಹಿಡಿಯುವ ಕೆಲಸ

ಮದುವೆಯಾದ ಮೂವತ್ತೊಂದು ವರ್ಷ ಅಡುಗೆಮನೆಯಲ್ಲಿ ನನ್ನದು ಒಂದೇ ಕೆಲಸ. ಹೆಂಡತಿ ಕೋಲು ಹಾಕಿ ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದ ಹಾಗೆ ಇಕ್ಕಳದಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಲ್ಲುವುದು. ಅಷ್ಟಕ್ಕೂ ಬೈಸಿಕೊಳ್ಳುತ್ತಿದ್ದೆ. ಮುದ್ದೆಯಲ್ಲಿ ಒಂದು ಗಂಟು ಸಿಕ್ಕರೆ ಸಾಕು, "ನೀವು ಪಾತ್ರೆ ಅಲ್ಲಾಡಿಸಿದ್ರಿ, ಅದಕ್ಕೇ" ಅನ್ನುತ್ತಿದ್ದಳು. "ನಿಂಗೆ ತಿರುವೋಕೆ ಬರಲ್ಲ ಅಂತ ಹೇಳು" ಅಂತ ನಾನೂ ಬಿಡುತ್ತಿರಲಿಲ್ಲ. ಕೈ ತೊಳೆಯುವ ತನಕ ಅದೇ ಜಗಳ.

ಅವಳು ತೀರಿಕೊಂಡ ಮೇಲೆ ಎರಡು ತಿಂಗಳು ಹೋಟೆಲ್ ಊಟ ಮಾಡಿದೆ. ಇಂದಿರಾನಗರದಲ್ಲಿ ಏನು ಬೇಕಾದರೂ ಸಿಗುತ್ತದೆ, ನಮ್ಮನೆ ಮುದ್ದೆ ಸಿಗುವುದಿಲ್ಲ. ಕೊನೆಗೆ ಕೆ.ಆರ್. ಪುರಕ್ಕೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ದಿನಾ ಪಕ್ಕದಲ್ಲೇ ನಿಂತು ನೋಡಿದವನು, ಇದೇನು ಮಹಾ ಅಂದುಕೊಂಡೆ. ನೀರು ಕುದಿಸಿದೆ, ಹಿಟ್ಟು ಹಾಕಿದೆ, ಬೆಂದ ಮೇಲೆ ಕೋಲು ಇಟ್ಟು ತಿರುವಿದೆ. ಕೋಲಿನ ಜೊತೆ ಪಾತ್ರೆಯೂ ಗಿರ್ರನೆ ತಿರುಗಿತು. ಅರ್ಧ ಹಿಟ್ಟು ಒಲೆ ಮೇಲೆ, ಇನ್ನರ್ಧ ನನ್ನ ಬನಿಯನ್ ಮೇಲೆ. ಎಡಗೈಯಲ್ಲಿ ಇಕ್ಕಳ ಹಿಡಿದು ಬಲಗೈಯಲ್ಲಿ ತಿರುವಿದರೆ ಎರಡಕ್ಕೂ ಬಲ ಸಾಲದು. ಇದು ಇಬ್ಬರ ಕೆಲಸ ಅಂತ ಆಗ ಗೊತ್ತಾಯಿತು.

ಮರುದಿನ ಪಾತ್ರೆಯನ್ನು ನೆಲಕ್ಕಿಳಿಸಿ, ಹಳೇ ಟವಲ್ ಸುತ್ತಿ, ಎರಡು ಪಾದಗಳ ನಡುವೆ ಅದುಮಿಕೊಂಡು ತಿರುವಿದೆ. ಮಂಡಿ ಹಿಡಿದುಕೊಂಡರೂ ಮುದ್ದೆ ದುಂಡಗೆ ಬಂತು. ಖುಷಿಯಲ್ಲಿ ಮುರಿದು ನೋಡಿದರೆ ಒಳಗೆ ಹಸಿ ಹಿಟ್ಟಿನ ಗಂಟು.

"ಹೌದು ಕಣೇ, ಪಾತ್ರೆ ಅಲ್ಲಾಡಿಸಿದ್ದು ನಾನೇ" ಅಂದೆ, ಜೋರಾಗಿಯೇ. ಈ ಒಂದು ಮಾತಿಗೆ ಅವಳು ಮೂವತ್ತೊಂದು ವರ್ಷ ಕಾದಿದ್ದಳು.